ಉಕ್ಕಿನ ಎತ್ತಿನ ಆರೈಕೆ

ಒಕ್ಕಲಿಗನ ಸಿರಿಯನ್ನು ಅವನ ಕೊಟ್ಟಿಗೆಯಲ್ಲಿ ನೋಡಬೇಕೆಂಬುದು ಹಿರಿಯರ ಎಣಿಕೆ. ಎತ್ತಿನ ಮೈ ಮಿರುಗುತ್ತಿದ್ದರೆ ಆ ಮನೆಯ ಹೊಲವೂ ಹಸನಾಗಿದೆಯೆಂದು ದಾರಿಹೋಕನೂ ಹೇಳಬಲ್ಲವನಾಗಿದ್ದನು. ಇಂದು ಎರೆಯ ನಾಡಿನ ಅನೇಕ ಅಂಗಳಗಳಲ್ಲಿ ಎತ್ತಿನ ಗೋದಲಿ ಬರಿದಾಗಿದೆ. ಅದರ ಪಕ್ಕದಲ್ಲಿ, ತಗಡಿನ ಮಾಡಿನ ಕೆಳಗೆ, ಬಣ್ಣ ಮಾಸಿದ, ಆಸನ ಹರಿದ, ಮೂವತ್ತು-ನಲವತ್ತು ವರ್ಷ ದುಡಿದ ಟ್ರ್ಯಾಕ್ಟರೊಂದು ನಿಂತಿರುತ್ತದೆ. ಪೇಟೆಯ ಕಣ್ಣಿಗೆ ಅದು ಗುಜರಿಯ ಸರಕು. ಒಡೆಯನಿಗಾದರೋ ಅದು ಮನೆಯ ಎತ್ತು. ಈ ಉಕ್ಕಿನ ಎತ್ತು ಏಕೆ ಉಳಿದಿದೆ, ಹೇಗೆ ಉಳಿಯುತ್ತದೆ ಎಂಬುದು ತಿಳಿದುಕೊಳ್ಳಲು ತಕ್ಕ ವಿಷಯವಾಗಿದೆ.

ಎರೆಯ ಹದ

ಅಳವಂಡಿಯು ಕೊಪ್ಪಳ ತಾಲೂಕಿನ ಒಂದು ಹೋಬಳಿಯ ಊರು. ಕೊಪ್ಪಳದಿಂದ ಮುಂಡರಗಿಯ ಕಡೆಗೆ ಹೋಗುವ ಹಾದಿಯಲ್ಲಿದೆ. ಹೈದರಾಬಾದ್ ವಿಮೋಚನೆಯ ಹೋರಾಟದಲ್ಲಿ ಹೆಸರಾದ, ೧೯೫೨ರಲ್ಲಿ ಲೋಕಸಭೆಗೆ ಆಯ್ಕೆಯಾದ ಶಿವಮೂರ್ತಿಸ್ವಾಮಿಗಳ ಊರೆಂದು ಇದನ್ನು ಬಲ್ಲವರು ಅನೇಕರು. ಸುತ್ತಲಿನ ನೆಲದಲ್ಲಿ ಮಸಾರಿಯೂ ಉಂಟು, ಎರೆಯೂ ಉಂಟು. ಜೋಳ, ಕಡಲೆ, ಹತ್ತಿ, ಸೂರ್ಯಕಾಂತಿಗಳನ್ನು ಹೊತ್ತು ನಿಲ್ಲುವ ಈ ಎರೆಯಂತಹ ಉದಾರವಾದ ಮಣ್ಣು ಬೇರೊಂದಿಲ್ಲ. ಅದರಂತಹ ಹಟಮಾರಿಯೂ ಬೇರೊಂದಿಲ್ಲ.

ಬೇಸಿಗೆಯಲ್ಲಿ ಎರೆಯು ಕೈ ತೂರುವಷ್ಟು ಬಾಯಿಬಿಡುತ್ತದೆ. ಆಗ ಹೆಂಟೆಗಳು ಕಲ್ಲಿನಂತಿರುತ್ತವೆ. ಒಂದು ದೊಡ್ಡ ಮಳೆ ಬಿದ್ದಿತೆಂದರೆ ಅದೇ ಮಣ್ಣು ಉಬ್ಬಿ, ಅಂಟಾಗಿ, ಕಾಲಿಟ್ಟವನ ಕೆರವನ್ನು ಕಿತ್ತುಕೊಳ್ಳುತ್ತದೆ. ಹಸಿಯಾದ ಎರೆಯಲ್ಲಿ ಗಾಲಿ ತಿರುಗಿದರೆ ಬಂಡಿ ಮುಂದೆ ಸಾಗದೆ ಕೆಳಗೆ ಇಳಿಯುತ್ತದೆ. ಮೇಲಾಗಿ ಗಾಲಿಯ ತುಳಿತಕ್ಕೆ ಮಣ್ಣು ಬಿಗಿದುಕೊಂಡು ಬೇರಿಗೂ ನೀರಿಗೂ ದಾರಿಯಿಲ್ಲದಂತಾಗುತ್ತದೆ. ಈ ಎರಡು ಅತಿಗಳ ನಡುವೆ, ಮಣ್ಣು ಒಡೆಯಲೂ ಬಲ್ಲುದು, ಅಂಟಲೂ ಒಲ್ಲದು ಎನ್ನುವ ಸ್ಥಿತಿಯೊಂದು ಕೆಲವೇ ದಿನಗಳ ಮಟ್ಟಿಗೆ ಬರುತ್ತದೆ. ಒಕ್ಕಲಿಗನು ಅದನ್ನು ಹದ ಎನ್ನುತ್ತಾನೆ. ಹದ ಒಬ್ಬನಿಗೆ ಬಂದಾಗ ಊರಿಗೆಲ್ಲ ಬಂದಿರುತ್ತದೆ. ಬಾಡಿಗೆಯ ಟ್ರ್ಯಾಕ್ಟರು ಮೊದಲು ದೊಡ್ಡ ಹೊಲಗಳಿಗೆ ಹೋಗುತ್ತದೆ. ನಾಲ್ಕೆಂಟು ಎಕರೆಯವನ ಸರದಿ ಬರುವ ಹೊತ್ತಿಗೆ ಹದ ಆರಿರುತ್ತದೆ. ಮುಪ್ಪಿನ ಟ್ರ್ಯಾಕ್ಟರು ಅವನ ಮನೆಯಲ್ಲಿರುವುದು ಈ ಕಾರಣಕ್ಕಾಗಿ. ಅದು ವೇಗವಾಗಿ ಓಡಲೆಂದು ಅವನ ಅಪೇಕ್ಷೆಯಲ್ಲ. ಹದ ಬಂದ ಮುಂಜಾವಿನಲ್ಲಿ ಅದು ಎಚ್ಚರಗೊಂಡರೆ ಸಾಕು.

ಕರಕಿಯ ಕಾಟ

ಎರೆಗೆ ಇನ್ನೊಂದು ಹಗೆಯುಂಟು, ಅದು ಕರಕಿ. ಮೇಲೆ ಎಷ್ಟು ಹರಗಿದರೂ ಕೆಳಗಿನ ಬೇರಿನ ಒಂದು ತುಂಡಿನಿಂದ ಅದು ಮತ್ತೆ ಚಿಗುರುತ್ತದೆ. ಹಿಂದೆ ಇದನ್ನು ಕೀಳಲು ದೊಡ್ಡ ನೇಗಿಲಿಗೆ ಹಲವು ಜೋಡಿ ಎತ್ತುಗಳನ್ನು ಸಾಲಾಗಿ ಹೂಡುತ್ತಿದ್ದರು. ಅಷ್ಟು ಎತ್ತುಗಳಿಲ್ಲದವನ ಹೊಲವನ್ನು ಕರಕಿಯೇ ಆಳುತ್ತಿತ್ತು. ಕಬ್ಬಿಣದ ನೇಗಿಲು ಬಂದಾಗಲೂ ಅದಕ್ಕೆ ಸುಲಭವಾಗಿ ಆದರ ದೊರೆಯಲಿಲ್ಲ. ೧೯೦೩ರಲ್ಲಿ ಲಕ್ಷ್ಮಣರಾವ್ ಕಿರ್ಲೋಸ್ಕರರು ಕಬ್ಬಿಣದ ನೇಗಿಲನ್ನು ತಯಾರಿಸಿದಾಗ, ಕಬ್ಬಿಣವು ಭೂಮಿಗೆ ವಿಷವೆಂದು ಹಿಂಜರಿದ ರೈತರೇ ಬಹಳ. ಕಾಲ ಕಳೆದಂತೆ ಅದೇ ನೇಗಿಲು ಮನೆಮಾತಾಯಿತು.

ಟ್ರ್ಯಾಕ್ಟರಿನ ಕಥೆಯೂ ಇದೇ ಬಗೆಯದು. ಸ್ವಾತಂತ್ರ್ಯದ ಹೊಸದರಲ್ಲಿ ಮಧ್ಯಭಾರತದ ಕಪ್ಪುನೆಲವನ್ನು ಕಾಂಸವೆಂಬ ಆಳಬೇರಿನ ಹುಲ್ಲು ನುಂಗಿತ್ತು. ಅದನ್ನು ಕಿತ್ತೊಗೆಯಲು ೧೯೪೭ರಲ್ಲಿ ಭಾರತ ಸರಕಾರವು ಕೇಂದ್ರೀಯ ಟ್ರ್ಯಾಕ್ಟರ್ ಸಂಸ್ಥೆಯನ್ನು ಕಟ್ಟಿತು. ಅಮೆರಿಕದ ಸೈನ್ಯವು ಬಿಟ್ಟುಹೋಗಿದ್ದ ಹಳೆಯ ಯಂತ್ರಗಳೇ ಅದರ ಮೊದಲ ಬಂಡವಾಳ. ೧೯೪೯ರಲ್ಲಿ ಹೊಸ ಯಂತ್ರಗಳಿಗಾಗಿ ವಿಶ್ವ ಬ್ಯಾಂಕಿನಿಂದ ಒಂದು ಕೋಟಿ ಡಾಲರಿನ ಸಾಲ ಮಂಜೂರಾಯಿತು. ಯುದ್ಧದಿಂದ ಉಳಿದ ಹಳೆಯ ಯಂತ್ರವು ನೆಲವನ್ನು ಹಸನು ಮಾಡಲು ನಿಂತ ಈ ಸಂಗತಿಯನ್ನು ಗಮನಿಸಿದರೆ, ನಮ್ಮ ದೇಶದಲ್ಲಿ ಹಳೆಯ ಟ್ರ್ಯಾಕ್ಟರಿನ ದುಡಿಮೆ ಎಷ್ಟು ಹಳೆಯದೆಂಬುದು ತಿಳಿಯುತ್ತದೆ.

ಕೊಪ್ಪಳದ ಸೀಮೆಯಲ್ಲಿ ೧೯೫೩ರಲ್ಲಿ ತುಂಗಭದ್ರೆಗೆ ಅಣೆಕಟ್ಟು ಎದ್ದಿತು. ಎಡದಂಡೆಯ ಕಾಲುವೆ ಹರಿದ ಗಂಗಾವತಿಯ ಬಯಲಿನಲ್ಲಿ ಬತ್ತದ ಗದ್ದೆಗಳು ಹಬ್ಬಿದವು. ಕೆಸರು ಕಲಸಲು ಕಬ್ಬಿಣದ ಪಂಜರಗಾಲಿ ಕಟ್ಟಿದ ಟ್ರ್ಯಾಕ್ಟರುಗಳು ಇಳಿದವು. ಮಳೆಯನ್ನು ನೆಚ್ಚಿದ ಎರೆಯ ಹಳ್ಳಿಗಳಿಗೆ ಟ್ರ್ಯಾಕ್ಟರು ಬಂದುದು ಅನೇಕ ವೇಳೆ ಎರಡನೆಯ ಕೈಯ ಸರಕಾಗಿ; ಒಬ್ಬನ ಹೊಲದಲ್ಲಿ ಹರೆಯ ಕಳೆದು, ಇನ್ನೊಬ್ಬನ ಹೊಲಕ್ಕೆ ನಡುವಯಸ್ಸಿನಲ್ಲಿ.

ಹಳಬರ ಕುಲಗೋತ್ರ

ಈ ಹಳಬರಿಗೆಲ್ಲ ಒಂದೊಂದು ವಂಶಾವಳಿಯುಂಟು. ೧೯೫೯ರಲ್ಲಿ ಫರೀದಾಬಾದಿನಲ್ಲಿ ಐಶರ್ ಟ್ರ್ಯಾಕ್ಟರು ಹುಟ್ಟಿತು. ಗಾಳಿಯಿಂದಲೇ ತಣಿಯುವ ಒಂಟಿ ಸಿಲಿಂಡರಿನ ಅದರ ಸದ್ದನ್ನು ಊರಾಚೆಯಿಂದಲೇ ಗುರುತಿಸಬಹುದು. ೧೯೬೩ರಲ್ಲಿ ಮಹೀಂದ್ರದವರು ಅಮೆರಿಕದ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿಯೊಡನೆ ಕೂಡಿಕೊಂಡರು; ಅದರ ಫಲವೇ ಬಿ-೨೭೫. ೧೯೬೦ರಲ್ಲಿ ಮದರಾಸಿನಲ್ಲಿ ಸ್ಥಾಪಿತವಾದ ಟಾಫೆಯಿಂದ ಮ್ಯಾಸಿ ಫರ್ಗ್ಯುಸನ್ ಬಂದಿತು. ಬೆಂಗಳೂರಿನಲ್ಲಿ ೧೯೫೩ರಲ್ಲಿ ಹುಟ್ಟಿ ಕೈಗಡಿಯಾರದಿಂದ ಮನೆಮನೆಗೆ ಪರಿಚಿತವಾದ ಎಚ್.ಎಂ.ಟಿ.ಯು ೧೯೭೧ರಲ್ಲಿ ಜೆಕೊಸ್ಲೊವಾಕಿಯದ ಜೆಟರ್ ಮಾದರಿಯನ್ನು ತಂದು, ಹರಿಯಾಣದ ಪಿಂಜೋರಿನಲ್ಲಿ ತನ್ನ ಟ್ರ್ಯಾಕ್ಟರುಗಳನ್ನು ಮಾಡತೊಡಗಿತು. ೨೫ ಅಶ್ವಶಕ್ತಿಯ, ಎರಡು ಸಿಲಿಂಡರಿನ ಜೆಟರ್ ೨೫೧೧ ಅವುಗಳಲ್ಲಿ ಮೊದಲನೆಯದು. ೨೦೧೬ರಲ್ಲಿ ಆ ಟ್ರ್ಯಾಕ್ಟರು ವಿಭಾಗವನ್ನು ಮುಚ್ಚುವ ತೀರ್ಮಾನವಾಯಿತು. ತಾಯಿಮನೆ ಮುಚ್ಚಿದ ಮೇಲೂ ಮಗಳು ಬಾಳುತ್ತಿರುವಂತೆ, ಅದರ ಬಂಡಿಗಳು ಹೊಲಗಳಲ್ಲಿ ಇನ್ನೂ ದುಡಿಯುತ್ತಿವೆ.

ಈ ವಂಶಾವಳಿಯಲ್ಲಿ ಮ್ಯಾಸಿ ಫರ್ಗ್ಯುಸನ್ನಿನ ಹಿರಿಯನ ಕಥೆ ಎಲ್ಲಕ್ಕಿಂತಲೂ ಸೋಜಿಗದ್ದು. ಅದು ನಮ್ಮ ಎರೆಯಿಂದ ಭೂಮಿಯ ಇನ್ನೊಂದು ತುದಿಗೆ ಕರೆದೊಯ್ಯುತ್ತದೆ.

ಹಿಮದ ನಾಡಿನಲ್ಲಿ

ಐರ್ಲೆಂಡಿನ ಹ್ಯಾರಿ ಫರ್ಗ್ಯುಸನ್ನನೆಂಬ ಯಂತ್ರಜ್ಞನು ನೇಗಿಲನ್ನು ಟ್ರ್ಯಾಕ್ಟರಿನ ಹಿಂದೆ ಸರಪಳಿಯಿಂದ ಎಳೆಯದೆ, ಮೂರು ತೋಳುಗಳಿಂದ ಅದರ ಮೈಗೇ ಸೇರಿಸಿದನು. ಕೆಳಗಿನ ಎರಡು ತೋಳುಗಳು ಎಳೆಯುತ್ತವೆ. ಮೇಲಿನ ತೋಳು ನೆಲದ ಬಿಗುವನ್ನು ಅರಿತು ಎಣ್ಣೆಯ ಒತ್ತಡದ ಯಂತ್ರಕ್ಕೆ ತಿಳಿಸುತ್ತದೆ. ನೆಲ ಗಡುಸಾದಲ್ಲಿ ನೇಗಿಲು ತಾನಾಗಿ ತುಸು ಮೇಲೇಳುತ್ತದೆ, ಭಾರವು ಹಿಂದಿನ ಗಾಲಿಗಳ ಮೇಲೆ ಬೀಳುತ್ತದೆ, ಗಾಲಿ ಜಾರುವುದು ಕಡಿಮೆಯಾಗುತ್ತದೆ. ಹಗುರವಾದ ಬಂಡಿಯೂ ಭಾರವಾದ ಕೆಲಸವನ್ನು ಮಾಡಬಲ್ಲುದಾಯಿತು. ೧೯೪೬ರಿಂದ ೧೯೫೬ರವರೆಗೆ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಅವನ ಟಿ.ಇ.-೨೦ ಎಂಬ ಬೂದುಬಣ್ಣದ ಪುಟ್ಟ ಟ್ರ್ಯಾಕ್ಟರುಗಳು ಐದು ಲಕ್ಷಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಾದವು. ಎವರೆಸ್ಟನ್ನೇರಿದ ಎಡ್ಮಂಡ್ ಹಿಲರಿಯು ಗಾಲಿಗಳಿಗೆ ಪಟ್ಟಿ ತೊಡಿಸಿದ ಇಂತಹ ಮೂರು ಬಂಡಿಗಳೊಡನೆ ೧೯೫೮ರ ಜನವರಿ ೪ರಂದು ದಕ್ಷಿಣ ಧ್ರುವವನ್ನು ಮುಟ್ಟಿದನು. ಅಮುಂಡ್‌ಸೆನ್ ಮತ್ತು ಸ್ಕಾಟರ ನಂತರ ನೆಲದ ಮೇಲಿಂದ ಅಲ್ಲಿಗೆ ತಲುಪಿದ ಮೊದಲ ತಂಡ ಅದು. ಮೋಟಾರು ವಾಹನದಲ್ಲಿ ತಲುಪಿದ ಮೊದಲ ತಂಡವೂ ಅದೇ. ಆ ಟ್ರ್ಯಾಕ್ಟರಿನ ಸಂತತಿಯೇ ಮುಂದೆ ಮ್ಯಾಸಿ ಫರ್ಗ್ಯುಸನ್ ೩೫ ಆಗಿ, ಭಾರತದಲ್ಲಿ ೧೦೩೫ ಆಗಿ ನಮ್ಮ ಹೊಲಗಳಿಗೆ ಇಳಿಯಿತು.

ಇಂಗ್ಲೆಂಡು, ಅಮೆರಿಕ, ಕೆನಡಗಳ ಚಳಿನಾಡುಗಳಲ್ಲಿ ಈ ಹಳೆಯ ಬಂಡಿಗಳಿಗೆ ಇಂದಿಗೂ ಒಂದು ಉದ್ಯೋಗವಿದೆ. ರಾತ್ರಿ ಸುರಿದ ಹಿಮವು ಮುಂಜಾನೆಗೆ ಮನೆಯ ಬಾಗಿಲನ್ನೂ ಹಾದಿಯನ್ನೂ ಮುಚ್ಚುತ್ತದೆ. ಟ್ರ್ಯಾಕ್ಟರಿನ ಹಿಂದಿನ ಮೂರು ತೋಳುಗಳಿಗೆ ಅಗಲವಾದ ಉಕ್ಕಿನ ಹಲಗೆಯೊಂದನ್ನು ಸೇರಿಸಿ ಹಿಮವನ್ನು ಬಳಿದು ಬದಿಗೆ ಒಟ್ಟುತ್ತಾರೆ. ಗಾಲಿ ಜಾರದಿರಲೆಂದು ಸರಪಳಿ ಸುತ್ತುತ್ತಾರೆ. ಟಯರಿನೊಳಗೆ ಭಾರಕ್ಕಾಗಿ ತುಂಬಿದ ನೀರು ಹೆಪ್ಪುಗಟ್ಟದಿರಲೆಂದು ಕ್ಯಾಲ್ಸಿಯಂ ಕ್ಲೋರೈಡನ್ನು ಬೆರೆಸುತ್ತಾರೆ. ರೇಡಿಯೇಟರಿನ ನೀರಿಗೂ ಹೆಪ್ಪುಗಟ್ಟದಂತಹ ದ್ರವವನ್ನು ಸೇರಿಸುತ್ತಾರೆ. ಅದೇ ಹಲಗೆಯನ್ನು ಅಳವಂಡಿಯ ಕಡೆಯ ಒಕ್ಕಲಿಗನು ಬ್ಲೇಡು ಎಂದು ಕರೆದು ಒಡ್ಡು ಹಾಕಲು, ಕಣ ಮಟ್ಟಮಾಡಲು, ಮಳೆಗೆ ಕೊರೆದ ಹೊಲದ ಹಾದಿಯನ್ನು ಸರಿಪಡಿಸಲು, ಕೆರೆಯಿಂದ ತಂದ ಗೋಡುಮಣ್ಣನ್ನು ಮಸಾರಿ ಹೊಲದಲ್ಲಿ ಹರಡಲು ಬಳಸುತ್ತಾನೆ. ೨೦೧೯ರಲ್ಲಿ ಕೊಪ್ಪಳದ ಗವಿಮಠದ ಸ್ವಾಮಿಗಳ ಮುಂದಾಳುತನದಲ್ಲಿ ಹಿರೇಹಳ್ಳದ ಹೂಳನ್ನೂ ಗಿಡಗಂಟಿಯನ್ನೂ ತೆಗೆದಾಗ, ಈ ನಾಡಿನ ಜನವು ಬಳಿಯುವ ಕೆಲಸಕ್ಕೆ ಯಂತ್ರವು ಎಷ್ಟು ನೆರವಾಗಬಲ್ಲುದೆಂಬುದನ್ನು ಕಣ್ಣಾರೆ ಕಂಡಿತು.

ಅಲ್ಲಿ ಹಿಮ, ಇಲ್ಲಿ ಮಣ್ಣು. ಆದರೂ ಎರಡು ನಾಡಿನ ಹಳೆಯ ಟ್ರ್ಯಾಕ್ಟರಿಗೂ ಒಂದೇ ಪರೀಕ್ಷೆ. ಎರಡರ ಕೆಲಸದ ದಿನವನ್ನೂ ಆಕಾಶವೇ ಗೊತ್ತುಮಾಡುತ್ತದೆ. ತಿಂಗಳುಗಟ್ಟಲೆ ನಿಂತ ಬಂಡಿಯು ಕರೆ ಬಂದ ದಿನ ಏಳಲೇಬೇಕು. ಆದುದರಿಂದ ಅದರ ಆರೈಕೆಯು ನಡೆಯಬೇಕಾದುದು ದುಡಿಮೆಯ ದಿನದಲ್ಲಿ ಅಲ್ಲ; ಬಿಡುವಿನ ದಿನಗಳಲ್ಲಿ.

ಧೂಳು, ನೀರು, ಎಣ್ಣೆ

ಚಳಿನಾಡಿನಲ್ಲಿ ಯಂತ್ರದ ವೈರಿ ಹಿಮವಾದರೆ ಇಲ್ಲಿ ಧೂಳು. ಬೇಸಿಗೆಯ ನೇಗಿಲ ಸಾಲಿನಲ್ಲಿ ಏಳುವ ಕರಿಧೂಳು ಎಂಜಿನ್ನಿನ ಉಸಿರಿನೊಡನೆ ಒಳಹೊಕ್ಕರೆ, ಎಣ್ಣೆಯೊಡನೆ ಬೆರೆತು, ಸಾಣೆಯ ಪುಡಿಯಾಗಿ, ಸಿಲಿಂಡರಿನ ಒಳಮೈಯನ್ನು ಸವೆಸುತ್ತದೆ. ಅದನ್ನು ತಡೆಯಲು ಹಳೆಯ ಬಂಡಿಗಳಲ್ಲಿ ಎಣ್ಣೆಯ ಬಟ್ಟಲಿನ ಗಾಳಿಸೋಸುಕವಿರುತ್ತದೆ. ಒಳಬರುವ ಗಾಳಿಯು ಬಟ್ಟಲಿನ ಎಣ್ಣೆಯನ್ನು ಸವರಿಕೊಂಡು ಬರುವಾಗ ಧೂಳು ಅಲ್ಲಿಯೇ ಉಳಿಯುತ್ತದೆ. ಉಳುಮೆಯ ದಿನಗಳಲ್ಲಿ ಈ ಬಟ್ಟಲನ್ನು ದಿನವೂ ಬಿಚ್ಚಿ ನೋಡಬೇಕು. ತಳದಲ್ಲಿ ಕೆಸರು ಕೂತಿದ್ದರೆ ತೊಳೆದು ಹೊಸ ಎಣ್ಣೆಯನ್ನು ಗುರುತಿನವರೆಗೆ ಮಾತ್ರ ಹಾಕಬೇಕು. ಹೆಚ್ಚು ಹಾಕಿದರೆ ಎಂಜಿನ್ನು ಆ ಎಣ್ಣೆಯನ್ನೇ ಹೀರಿಕೊಂಡು ಹಿಡಿತ ಮೀರಿ ಓಡುವ ಅಪಾಯವುಂಟು. ಅರ್ಧ ತಾಸಿನ ಈ ಕೆಲಸವನ್ನು ಬೇಸರಿಸಿದವನು ಎಂಜಿನ್ ಬಿಚ್ಚಿಸುವ ವೆಚ್ಚವನ್ನು ಹೊರಬೇಕಾಗುತ್ತದೆ.

ಯಂತ್ರವು ತನ್ನ ರೋಗವನ್ನು ಹೊಗೆಯ ಬಣ್ಣದಲ್ಲಿ ಹೇಳಿಕೊಳ್ಳುತ್ತದೆ. ಕಪ್ಪುಹೊಗೆಯೆಂದರೆ ಹೊರೆ ಹೆಚ್ಚಾಗಿದೆ, ಇಲ್ಲವೆ ಗಾಳಿಯ ದಾರಿ ಕಟ್ಟಿದೆ. ನೀಲಿಹೊಗೆಯೆಂದರೆ ಎಂಜಿನ್ ಎಣ್ಣೆ ಉರಿಯುತ್ತಿದೆ, ರಿಂಗುಗಳು ಸವೆದಿರಬಹುದು. ಬಿಸಿಯಾದ ಮೇಲೂ ಬಿಳಿಹೊಗೆ ನಿಲ್ಲದಿದ್ದರೆ ಡೀಸೆಲ್ ಸರಿಯಾಗಿ ಉರಿಯುತ್ತಿಲ್ಲ, ಇಲ್ಲವೆ ನೀರು ಒಳಸೇರಿದೆ. ಎಣ್ಣೆಯಳೆಯುವ ಕಡ್ಡಿಯನ್ನು ಎತ್ತಿದಾಗ ಎಣ್ಣೆಯು ಹಾಲು ಬೆರೆಸಿದ ಚಹದಂತೆ ಕಂಡರೆ, ಅದರಲ್ಲಿ ನೀರು ಕೂಡಿದೆಯೆಂದು ತಿಳಿದು ಬಂಡಿಯನ್ನು ಅಲ್ಲಿಯೇ ನಿಲ್ಲಿಸಬೇಕು.

ರೇಡಿಯೇಟರಿಗೆ ಬೋರ್‌ವೆಲ್ಲಿನ ಗಡುಸು ನೀರನ್ನು ತುಂಬುವ ರೂಢಿ ಕೆಟ್ಟದ್ದು. ಚಹದ ಪಾತ್ರೆಯ ತಳಕ್ಕೆ ಬಿಳಿಯ ಪೊರೆ ಕಟ್ಟುವಂತೆಯೇ ಅದರ ಸಣ್ಣ ಕೊಳವೆಗಳಲ್ಲಿಯೂ ಕಟ್ಟುತ್ತದೆ. ಆಮೇಲೆ ಎಷ್ಟು ನೀರಿದ್ದರೂ ಎಂಜಿನ್ನು ಕಾಯುತ್ತದೆ. ಹಿಡಿದಿಟ್ಟ ಮಳೆನೀರು ಇದಕ್ಕೆ ಮೇಲು. ಅಂಗಡಿಯ ಕೂಲೆಂಟು ಇನ್ನೂ ಮೇಲು. ರೇಡಿಯೇಟರಿನ ಮುಖಕ್ಕೆ ಅಂಟಿದ ಜೋಳದ ಹೊಟ್ಟು, ಸೂರ್ಯಕಾಂತಿಯ ಎಸಳುಗಳನ್ನು ಹಿಂದಿನಿಂದ ಮುಂದಕ್ಕೆ ಗಾಳಿ ಹಾಯಿಸಿ ತೆಗೆಯಬೇಕು.

ಡೀಸೆಲನ್ನು ಕೊಡದಲ್ಲಿ ತಂದು ಹಾಗೆಯೇ ಸುರಿಯಬಾರದು. ಅದು ತಿಳಿಯಾಗುವವರೆಗೆ ಬಿಟ್ಟು, ತಳದ ಕೆಸರು ಬೆರೆಯದಂತೆ, ಸೋಸಿ ತುಂಬಬೇಕು. ಸಂಜೆ ಕೆಲಸ ಮುಗಿದೊಡನೆ ಟ್ಯಾಂಕನ್ನು ತುಂಬಿಟ್ಟರೆ ರಾತ್ರಿಯ ತಂಪಿಗೆ ಒಳಗೆ ಹನಿ ಕಟ್ಟುವುದಿಲ್ಲ. ಡೀಸೆಲ್ ಬರಿದಾಗಿ ಬಂಡಿ ನಿಂತರೆ ಕೊಳವೆಯಲ್ಲಿ ಗಾಳಿ ಸೇರಿರುತ್ತದೆ. ಸೋಸುಕದ ತಿರುಪನ್ನು ಸಡಿಲಿಸಿ, ಕೈಪಂಪನ್ನು ಒತ್ತುತ್ತ, ಗುಳ್ಳೆಗಳೆಲ್ಲ ಹೋಗಿ ಬರಿಯ ಡೀಸೆಲ್ ಬರುವವರೆಗೆ ಬಿಡುವುದು ಇದರ ಮದ್ದು. ಡೀಸೆಲನ್ನು ಸಿಲಿಂಡರಿಗೆ ಚಿಮ್ಮಿಸುವ ಪಂಪು ಮತ್ತು ನಾಜಲುಗಳು ಮಾತ್ರ ಕೂದಲೆಳೆಗಿಂತ ಸೂಕ್ಷ್ಮವಾದ ಅಳತೆಯವು. ಅವನ್ನು ಮರದ ನೆರಳಿನಲ್ಲಿ ಬಿಚ್ಚುವ ಸಾಹಸ ಬೇಡ.

ಗ್ರೀಸಿನ ವಿಷಯದಲ್ಲಿ ಹಳೆಯ ಬಂಡಿಯು ಹಸುಗೂಸಿನಂತೆ. ಮುಂದಿನ ಅಚ್ಚು, ಗಾಲಿಯ ತಿರುಗಣೆ, ಸ್ಟೇರಿಂಗು, ಪೆಡಲುಗಳ ಕೀಲು ಇವಕ್ಕೆಲ್ಲ ಗ್ರೀಸ್ ಗನ್ನಿನಿಂದ ಹಳೆಯ ಕೊಳೆಯು ಹೊರಬೀಳುವವರೆಗೆ ಹೊಸ ಗ್ರೀಸನ್ನು ತುಂಬಬೇಕು. ಬಿತ್ತಿಗೆ ಮುಗಿದು ಬಂಡಿ ಬಹುದಿನ ನಿಲ್ಲುವುದಾದರೆ ಕ್ಲಚ್ಚಿನ ತಟ್ಟೆ ತುಕ್ಕಿನಿಂದ ಅಂಟಿಕೊಳ್ಳುವ ಭಯವುಂಟು. ಪೆಡಲನ್ನು ಒತ್ತಿ ಕಟ್ಟಿಗೆಯ ತುಂಡೊಂದನ್ನು ಆನಿಸಿಡುವುದು ಬಲ್ಲವರ ಉಪಾಯ. ಹದಿನೈದು ದಿನಗಳಿಗೊಮ್ಮೆ ಎಂಜಿನ್ನನ್ನು ಚಾಲೂ ಮಾಡಿ ಚೆನ್ನಾಗಿ ಬಿಸಿಯಾಗುವವರೆಗೆ ಬಿಟ್ಟರೆ ಬ್ಯಾಟರಿಯೂ ಜೀವ ಹಿಡಿದಿರುತ್ತದೆ, ವೈರು ಕಡಿಯುವ ಇಲಿಗಳೂ ಅಲ್ಲಿ ಸಂಸಾರ ಹೂಡುವುದಿಲ್ಲ. ಅಚ್ಚುಕಟ್ಟಾದ ಒಕ್ಕಲಿಗನು ಎಣ್ಣೆ ಬದಲಿಸಿದ ದಿನವನ್ನೂ ದುಡಿದ ತಾಸುಗಳನ್ನೂ ಒಂದು ವಹಿಯಲ್ಲಿ ಬರೆದಿಡುತ್ತಾನೆ. ಟ್ರ್ಯಾಕ್ಟರಿನ ಆಯುಷ್ಯವನ್ನು ಅಳೆಯುವುದು ಮೈಲುಗಳಿಂದಲ್ಲ, ತಾಸುಗಳಿಂದ.

ಹಾಯುವ ಎತ್ತು

ಹಳೆಯ ಟ್ರ್ಯಾಕ್ಟರಿನಲ್ಲಿ ಜೀವ ತೆಗೆಯುವ ಗುಣವೂ ಇದೆಯೆಂಬುದನ್ನು ಮರೆಯಬಾರದು. ಹಾಯುವ ಎತ್ತಿನ ಕೊಂಬಿಗೆ ಗುರುತು ಕಟ್ಟುತ್ತಿದ್ದರು. ಇದಕ್ಕೆ ಅಂತಹ ಗುರುತೂ ಇಲ್ಲ.

ಹೂತುಹೋದ ಬಂಡಿಯನ್ನೋ ಜಾಲಿಯ ಬೊಡ್ಡೆಯನ್ನೋ ಎಳೆಯುವಾಗ ಸರಪಳಿಯನ್ನು ಹಿಂದಿನ ಅಚ್ಚಿಗಿಂತ ಎತ್ತರದಲ್ಲಿ ಕಟ್ಟಿದರೆ, ಎಳೆತವು ಮುಂಭಾಗವನ್ನು ಮೇಲೆತ್ತುತ್ತದೆ. ಕ್ಷಣಾರ್ಧದಲ್ಲಿ ಟ್ರ್ಯಾಕ್ಟರು ಹಿಮ್ಮುಖವಾಗಿ ಮಗುಚಿ ಚಾಲಕನ ಮೇಲೆ ಬೀಳುತ್ತದೆ. ಚಾಲಕನನ್ನು ಕಾಯುವ ಉಕ್ಕಿನ ಕಮಾನು ಹಳೆಯ ಬಂಡಿಗಳಿಗಿಲ್ಲ. ಸರಪಳಿ ಯಾವಾಗಲೂ ಕೆಳಗಿನ ಡ್ರಾಬಾರಿಗೇ ಸೇರಬೇಕು. ಹಿಂಬದಿಯಲ್ಲಿ ಗಿರ್ರನೆ ತಿರುಗುವ ಪಿ.ಟಿ.ಒ. ದಂಡಕ್ಕೆ ಮುಚ್ಚಳವಿಲ್ಲದಿದ್ದರೆ ಧೋತರದ ಚುಂಗೋ ಸೀರೆಯ ಸೆರಗೋ ಸುತ್ತಿಕೊಂಡೀತು. ರಾಶಿಯ ಯಂತ್ರದ ಬಳಿ ಇಂತಹ ಅನಾಹುತಗಳು ಆಗುವುದು ಹೀಗೆಯೇ. ಸ್ಟಾರ್ಟರು ಕೆಟ್ಟಿತೆಂದು ನೆಲದಲ್ಲಿ ನಿಂತು ಪಾನಾ ತಾಗಿಸಿ ಚಾಲೂ ಮಾಡುವ ಚಟವೂ ಮಾರಕವಾದುದು. ಗೇರಿನಲ್ಲಿದ್ದ ಬಂಡಿಯು ಎದ್ದೊಡನೆ ಒಡೆಯನ ಮೇಲೆಯೇ ಹಾಯುತ್ತದೆ. ಮಡ್ಗಾರ್ಡಿನ ಮೇಲೆ ಮಕ್ಕಳನ್ನು ಕೂರಿಸಿಕೊಳ್ಳುವ ಅಕ್ಕರೆ, ಬ್ರೇಕು ನೆಟ್ಟಗಿಲ್ಲದ ಬಂಡಿಯ ಟ್ರೇಲರಿನಲ್ಲಿ ಜಾತ್ರೆಗೆ ಜನರನ್ನು ತುಂಬುವ ಉತ್ಸಾಹ ಇವೆರಡೂ ಮನೆಗಳನ್ನು ಕತ್ತಲೆಗೆ ದೂಡಿವೆ. ಗಾಳಿಸೋಸುಕವನ್ನು ಮರೆತರೆ ಹೋಗುವುದು ಹಣ. ಇವನ್ನು ಮರೆತರೆ ಹೋಗುವುದು ಮನುಷ್ಯ.

ಲಾಭವೋ ಹೊರೆಯೋ

ಎತ್ತು ವರ್ಷವಿಡೀ ಮೇಯುತ್ತದೆ. ಟ್ರ್ಯಾಕ್ಟರು ದುಡಿದ ದಿನ ಮಾತ್ರ ಕುಡಿಯುತ್ತದೆ. ಆದರೆ ಎತ್ತು ಗೊಬ್ಬರ ಕೊಡುತ್ತದೆ, ಮನೆಯ ಮೇವಿನಲ್ಲಿಯೇ ಬದುಕುತ್ತದೆ. ಟ್ರ್ಯಾಕ್ಟರಿನ ಮೇವು ಪೇಟೆಯ ಬಂಕಿನಿಂದ ರೊಕ್ಕ ಕೊಟ್ಟು ತರತಕ್ಕದ್ದು. ಹೊಸ ಟ್ರ್ಯಾಕ್ಟರಿನ ಸಾಲದ ಕಂತು ಮಳೆ ಬಂದರೂ ಬರುತ್ತದೆ, ಮಳೆ ಹೋದರೂ ಬರುತ್ತದೆ. ಮಳೆಯನ್ನೇ ನೆಚ್ಚಿದ ಚಿಕ್ಕ ಹಿಡುವಳಿಯವನಿಗೆ ಹಳೆಯ ಬಂಡಿಯು ಒಪ್ಪುವುದು ಇದರಿಂದಲೇ. ಬರದ ವರ್ಷ ಅದು ಮಾಡಿನ ಕೆಳಗೆ ಸುಮ್ಮನೆ ನಿಲ್ಲುತ್ತದೆ, ಬಾಗಿಲಿಗೆ ಬಂದು ಕಂತು ಕೇಳುವುದಿಲ್ಲ.

ಹಳೆಯದೆಲ್ಲ ಅಗ್ಗವೆಂದೂ ತಿಳಿಯಬಾರದು. ಸಿಲಿಂಡರು ಸವೆದು, ಪಂಪು ಸೋರಿ, ಹೈಡ್ರಾಲಿಕ್ಕು ನೇಗಿಲನ್ನು ಎತ್ತಲಾರದ ಬಂಡಿಯನ್ನು ಬಣ್ಣ ಬಳಿದು ಮಾರುವವರಿದ್ದಾರೆ. ಕೊಳ್ಳುವವನು ಎಂಜಿನ್ನನ್ನು ತಣ್ಣಗಿರುವಾಗಲೇ ಚಾಲೂ ಮಾಡಿಸಿ ನೋಡಬೇಕು. ನೇಗಿಲನ್ನು ಎತ್ತಿಸಿ, ಎಂಜಿನ್ ನಿಲ್ಲಿಸಿ, ಅದು ತಟ್ಟನೆ ಕೆಳಗಿಳಿಯುವುದೋ ನಿಂತಿರುವುದೋ ಪರೀಕ್ಷಿಸಬೇಕು. ಬಿಡಿಭಾಗಗಳು ಹತ್ತಿರದ ಪೇಟೆಯಲ್ಲಿ ಸಿಕ್ಕುವವೋ ಎಂದು ವಿಚಾರಿಸಬೇಕು. ಮುಚ್ಚಿಹೋದ ಕಾರಖಾನೆಯ ಬಂಡಿಯಾದರೆ ಈ ಕೊನೆಯ ಮಾತು ಎಲ್ಲಕ್ಕಿಂತ ಮುಖ್ಯ. ಅಂಗಡಿಯಲ್ಲಿ ಸಿಗದ ಭಾಗವನ್ನು ಗುಜರಿಯಲ್ಲಿ ಹುಡುಕಿ, ಲೇತಿನ ಮೇಲೆ ಹೊಸದಾಗಿ ತಿರುವಿ, ಸವೆದುದಕ್ಕೆ ಬೆಸುಗೆ ತುಂಬಿ ಕೊಡುವ ಮೇಸ್ತ್ರಿಗಳು ಪೇಟೆಯ ಸಣ್ಣ ಗ್ಯಾರೇಜುಗಳಲ್ಲಿ ಇರುವವರೆಗೆ ಮಾತ್ರ ಈ ಬಂಡಿಗಳ ಆಯುಷ್ಯ. ಕೈಪಿಡಿಯಲ್ಲಿಲ್ಲದ ಅವರ ಬಲ್ಮೆಯನ್ನು ಕಲಿಯಲು ಹುಡುಗರು ಮುಂದೆ ಬರಬೇಕಾಗಿದೆ.

ಆಯುಧಪೂಜೆಯಂದು ಟ್ರ್ಯಾಕ್ಟರನ್ನು ತೊಳೆದು, ಬಾಳೆಯ ಕಂದು ಕಟ್ಟಿ, ವಿಭೂತಿ ಹಚ್ಚಿ, ಕಾಯಿ ಒಡೆಯುತ್ತಾರೆ. ಅದು ಶೋಭೆಯೇ ಸರಿ. ಆದರೆ ಎತ್ತಿನ ಕಾಲದ ಒಕ್ಕಲಿಗನು ಕಾರಹುಣ್ಣಿಮೆಯಂದು ಮಾತ್ರ ಎತ್ತಿನ ಮೈದಡವಿದವನಲ್ಲ. ದಿನವೂ ಮುಂಜಾನೆ ಅದರ ಹೆಗಲಿನ ಹುಣ್ಣನ್ನು ನೋಡಿ, ಗೊರಸಿನ ಮುಳ್ಳನ್ನು ತೆಗೆದು, ಆಮೇಲೆ ನೊಗವನ್ನು ಎತ್ತಿದವನು. ಅದೇ ಕಣ್ಣು, ಅದೇ ಕೈ, ಎಣ್ಣೆಯ ಬಟ್ಟಲಿಗೂ ಡೀಸೆಲಿನ ಸೋಸುಕಕ್ಕೂ ತಿರುಗಿದರೆ, ಹದ ಬಂದ ಮುಂಜಾವಿನಲ್ಲಿ ಮುಪ್ಪಿನ ಟ್ರ್ಯಾಕ್ಟರು ಒಡೆಯನ ಮಾನವನ್ನು ಉಳಿಸೀತು.